‘ಪುಟ್ಟಿ ದೊಡ್ಡಮ್ಮ’: ಮುದ್ದಿನ ಹೆಸರು ಯಾವ ಬರಹದಲ್ಲಿ ಎಲ್ಲಿಯವರೆಗೆ ಬರಬಹುದು?

ಪ್ರಶ್ನೆ – ಓಲೆಗರಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಳೆದ ವರ್ಷ ತೀರಿಕೊಂಡರು. ಅವರ ನೆನಪಿಗೆ ಮನೆಯವರೆಲ್ಲ ಸೇರಿ ಒಂದು ಪುಸ್ತಕವನ್ನು ಹೊರತರಬೇಕೆಂದು ನಿಶ್ಚಯಿಸಿದ್ದೇವೆ. ಸಂಪಾದನೆಯ ಹೊಣೆ ನನ್ನ ಮೇಲೆ ಬಿದ್ದಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಪಾಠ ಹೇಳಿದವರು ಅವರು, ಮಕ್ಕಳಿಗಾಗಿ ನಾಟಕಗಳನ್ನು ಬರೆದವರು. ದಾಖಲೆಗಳಲ್ಲಿ ಅವರಿಗೆ ಉದ್ದವಾದ, ಗಂಭೀರವಾದ ಹೆಸರಿತ್ತು. ಮನೆಯಲ್ಲಿ ಮಾತ್ರ ತೊಟ್ಟಿಲ ದಿನಗಳಿಂದ ಕೊನೆಯವರೆಗೂ ಅವರು ‘ಪುಟ್ಟಿ’. ಒಡಹುಟ್ಟಿದ ಕಿರಿಯರಿಗೆ ಪುಟ್ಟಕ್ಕ. ತಂಗಿಯ ಮಕ್ಕಳಾದ ನಮಗೆ ಪುಟ್ಟಿ ದೊಡ್ಡಮ್ಮ. ಚಿಕ್ಕದೆಂಬ ಮಾತೂ ದೊಡ್ಡದೆಂಬ ಮಾತೂ ಒಂದೇ ಹೆಸರಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತಿದ್ದದ್ದು ಇಷ್ಟು ವರ್ಷ ಕರೆದರೂ ನನ್ನ ಗಮನಕ್ಕೆ ಬಂದಿರಲಿಲ್ಲ. ಕರಡನ್ನು ಕೈಗೆತ್ತಿಕೊಂಡಾಗಲೇ ಅದು ಕಣ್ಣಿಗೆ ಬಿತ್ತು.

ನನ್ನ ತೊಡಕು ಹೀಗಿದೆ. ಪುಸ್ತಕದಲ್ಲಿ ಹಲವು ಬಗೆಯ ಬರಹಗಳಿವೆ. ಮೊದಲಿಗೆ ನಾನು ಬರೆಯುತ್ತಿರುವ ಜೀವನಚಿತ್ರ. ಬಳಿಕ ಅವರ ಅಣ್ಣ ಬರೆದ ಕಾಗದಗಳು ಮತ್ತು ಅವರು ಬರೆದ ಉತ್ತರಗಳು. ಅನಂತರ ಹಳೆಯ ವಿದ್ಯಾರ್ಥಿಗಳ, ಸಹೋದ್ಯೋಗಿಗಳ, ಬಂಧುಗಳ ನೆನಪಿನ ಲೇಖನಗಳು. ಕೊನೆಯಲ್ಲಿ ಎರಡು ನಾಟಕಗಳು ಮತ್ತು ಇಸವಿವಾರು ಬದುಕಿನ ಪಟ್ಟಿ. ಒಂದೊಂದರಲ್ಲಿ ಒಂದೊಂದು ಹೆಸರು. ಅಣ್ಣನ ಕಾಗದವೊಂದನ್ನು ಕೈಯಲ್ಲಿ ಹಿಡಿದರೆ ಹೊರಗೆ ವಿಳಾಸದ ಜಾಗದಲ್ಲಿ ‘ಶ್ರೀಮತಿ’ ಎಂಬುದರ ಮುಂದೆ ಪೂರ್ಣ ಹೆಸರು, ಒಳಗೆ ಮಡಿಕೆ ಬಿಚ್ಚಿದೊಡನೆ ‘ಚಿರಂಜೀವಿ ಪುಟ್ಟಿಗೆ’. ಒಂದೇ ಹಾಳೆ, ಒಂದೇ ಕೈಬರಹ, ಒಂದೇ ಶಾಯಿ.

ಪುಸ್ತಕದ ಖರ್ಚನ್ನು ವಹಿಸಿಕೊಂಡಿರುವ ಹಿರಿಯರೊಬ್ಬರು ಆದಿಯಿಂದ ಅಂತ್ಯದವರೆಗೆ ಪೂರ್ಣ ಹೆಸರೊಂದೇ ಇರಬೇಕೆನ್ನುತ್ತಾರೆ. ಹೊರಗಿನವರು ಓದುವ ಪುಸ್ತಕದಲ್ಲಿ ಪುಟ್ಟಿ ಎಂದು ಬರೆದರೆ ಅವರ ಗೌರವಕ್ಕೆ ಕುಂದು ಎಂಬುದು ಅವರ ಅಭಿಪ್ರಾಯ. ನನ್ನ ತಾಯಿಯದು ಇದಕ್ಕೆ ನೇರ ವಿರುದ್ಧವಾದ ಮಾತು: “ಆ ಉದ್ದನೆಯ ಹೆಸರಿನವಳು ಯಾರೋ ನನಗೆ ಗೊತ್ತಿಲ್ಲ, ನನ್ನ ಅಕ್ಕ ಪುಟ್ಟಕ್ಕ.” ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ನನಗೆ ಅನ್ನಿಸುತ್ತಿರುವುದರಿಂದಲೇ ಕೆಲಸ ನಿಂತುಹೋಗಿದೆ.

ಇಂಥ ಕೆಲಸ ಮಾಡಿದ ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು. ಇಡೀ ಪುಸ್ತಕಕ್ಕೆ ಒಂದೇ ಹೆಸರನ್ನು ಒಪ್ಪಿಸುವುದು ಸರಿಯೇ, ಅಥವಾ ಬರಹದ ಬಗೆಗೆ ತಕ್ಕಂತೆ ಹೆಸರು ಬದಲಾಗಬಹುದೇ? ಮುದ್ದಿನ ಹೆಸರನ್ನು ಪ್ರತಿ ಸಲವೂ ಉದ್ಧರಣ ಚಿಹ್ನೆಯೊಳಗೆ ಇಡಬೇಕೇ? ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿರುವ ಪ್ರಶ್ನೆ ಇನ್ನೊಂದಿದೆ: ಪುಟ್ಟಿ ಎಂದು ಬರೆದ ಮೇಲೆ ಕ್ರಿಯಾಪದವನ್ನು ‘ಹೋದಳು’ ಎಂದು ಮುಗಿಸಬೇಕೋ ‘ಹೋದರು’ ಎಂದು ಮುಗಿಸಬೇಕೋ?

ಉತ್ತರ – ಕರಡು ತಿದ್ದುವವರು

ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಕೀಲಿ ಅಲ್ಲಿಯೇ ಇದೆ. ಕನ್ನಡದಲ್ಲಿ ಒಬ್ಬರ ಬಗ್ಗೆ ಬರೆಯುವಾಗ ನಮ್ಮ ಭಾವ ಎರಡು ಕಡೆ ತೋರುತ್ತದೆ. ಹೆಸರಿನಲ್ಲಿ ಒಂದು, ಕ್ರಿಯಾಪದದ ಕೊನೆಯಲ್ಲಿ ಇನ್ನೊಂದು. ಈ ಎರಡು ಒಂದೇ ದಿಕ್ಕಿಗೆ ನೋಡಬೇಕೆಂಬ ಕಟ್ಟಳೆಯೇನೂ ಇಲ್ಲ. ‘ಪುಟ್ಟಿ ಬಂದಳು’ ಎಂಬುದು ಹೆತ್ತವರ ಅಥವಾ ಅಣ್ಣನ ಮಾತು. ‘ಪುಟ್ಟಕ್ಕ ಬಂದಳು’ ಎನ್ನುವುದು ಜೊತೆಯಲ್ಲಿ ಬೆಳೆದ ತಂಗಿಯ ಮಾತು. ಅಲ್ಲಿ ಅಕ್ಕ ಎಂಬ ಪದವೇ ಗೌರವವನ್ನು ಹೊತ್ತಿರುವುದರಿಂದ ಏಕವಚನ ಒರಟಾಗಿ ಕೇಳುವುದಿಲ್ಲ, ಸಲಿಗೆಯಾಗಿ ಕೇಳುತ್ತದೆ. ‘ಪುಟ್ಟಕ್ಕ ಬಂದರು’ ಎಂದೊಡನೆ ಮಾತನಾಡುತ್ತಿರುವವರು ಮನೆಯ ಹೊರಗಿನವರು, ಆದರೆ ಆ ಮನೆಗೆ ಬಂದು ಹೋಗಿ ಬಲ್ಲವರು ಎಂದು ತಿಳಿದುಬಿಡುತ್ತದೆ. ಇನ್ನು ‘ಪುಟ್ಟಿಯವರು ಬಂದರು’ ಎಂಬುದು ನನಗೆ ಎಂದೂ ಒಪ್ಪಿಗೆಯಾಗದ ರೂಪ. ಕರೆಯುವ ಹೆಸರಿಗೆ ‘ಅವರು’ ಹಚ್ಚಿದಾಗ ಪ್ರೀತಿಯೂ ಉಳಿಯುವುದಿಲ್ಲ, ಗೌರವವೂ ಬರುವುದಿಲ್ಲ. ಹೀಗೆ ಕ್ರಿಯಾಪದದ ತುದಿಯೊಂದೇ ಬರೆಯುತ್ತಿರುವವರು ಎಲ್ಲಿ ನಿಂತು ಬರೆಯುತ್ತಿದ್ದಾರೆ ಎಂಬುದನ್ನು ಹೇಳಿಬಿಡುತ್ತದೆ. ಆದ್ದರಿಂದ ನೆನಪಿನ ಲೇಖನಗಳಲ್ಲಿ ಯಾರು ಯಾವ ಹೆಸರನ್ನು ಯಾವ ವಚನದೊಡನೆ ಬರೆದು ಕಳುಹಿಸಿದ್ದಾರೋ ಅದನ್ನು ಮುಟ್ಟಬೇಡಿ. ಅದು ತಪ್ಪು ಎಂದು ತಿದ್ದಿದರೆ ಸಂಬಂಧವನ್ನೇ ತಿದ್ದಿದಂತಾಗುತ್ತದೆ.

ಮನೆಯ ಹೆಸರು ಸಾರ್ವಜನಿಕ ಬರಹಕ್ಕೆ ಬಂದಾಗ ಈ ಎರಡು ಬೇರೆಬೇರೆಯಾಗುವುದನ್ನು ಚೆನ್ನಾಗಿ ನೋಡಬಹುದು. ಪುನೀತ್ ರಾಜ್‌ಕುಮಾರ್ ಅವರನ್ನು ಮನೆಯಲ್ಲಿ ಅಪ್ಪು ಎನ್ನುತ್ತಿದ್ದರು. ನಾಯಕನಟರಾಗಿ ಅವರ ಮೊದಲ ಚಿತ್ರ 2002ರಲ್ಲಿ ಅದೇ ಹೆಸರಿನಲ್ಲಿ ಬಂದ ಮೇಲೆ ಅದು ನಾಡಿನ ಬಾಯಲ್ಲಿ ನೆಲೆಯಾಯಿತು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗಿನ ಬರಹಗಳನ್ನು ನೆನಪಿಸಿಕೊಳ್ಳಿ: ದಪ್ಪಕ್ಷರದ ತಲೆಬರಹಗಳಲ್ಲಿ ಅಪ್ಪು, ಸುದ್ದಿಯ ಒಡಲಿನಲ್ಲಿ ಪುನೀತ್ ರಾಜ್‌ಕುಮಾರ್, ಅಭಿಮಾನಿಗಳು ಬರೆದ ಸಾಲುಗಳಲ್ಲಿ ಮತ್ತೆ ಅಪ್ಪು. ತಲೆಬರಹಕ್ಕೆ ಎರಡಕ್ಷರದ ಹೆಸರು ಜಾಗದ ದೃಷ್ಟಿಯಿಂದ ಅನುಕೂಲವೂ ಹೌದು. ಅದೊಂದೇ ಕಾರಣವೆಂದು ನಾನು ಹೇಳಲಾರೆ. 2022ರ ನವೆಂಬರ್ 1ರಂದು ಮರಣೋತ್ತರವಾಗಿ ಕರ್ನಾಟಕ ರತ್ನ ಸಂದದ್ದು ಪುನೀತ್ ರಾಜ್‌ಕುಮಾರ್ ಎಂಬ ಹೆಸರಿಗೆ. ಗಮನಿಸಬೇಕಾದದ್ದೆಂದರೆ, ಪತ್ರಿಕೆಯು ಅಪ್ಪು ಎಂದು ಬರೆದಾಗಲೂ ಕ್ರಿಯಾಪದ ಬಹುವಚನದಲ್ಲಿಯೇ ಇರುತ್ತದೆ. ‘ಅಪ್ಪು ಬಂದ’ ಎನ್ನುವ ಹಕ್ಕು ಮನೆಯವರದು. ‘ಅಪ್ಪು ಬಂದರು’ ಎಂಬುದು ನಾಡಿನದು. ಅವರ ತಂದೆ ರಾಜ್‌ಕುಮಾರ್ ಅವರಿಗೆ ಸಂದ ‘ಅಣ್ಣಾವ್ರು’ ಎಂಬ ಕರೆಯಲ್ಲಂತೂ ಈ ಕೆಲಸ ಹೆಸರಿನೊಳಗೇ ಮುಗಿದಿದೆ: ಅಣ್ಣ ಎಂಬಲ್ಲಿ ಸಲಿಗೆ, ಅವರು ಎಂಬಲ್ಲಿ ಗೌರವ, ಎರಡೂ ಸಂಧಿಯಾಗಿ ಒಂದೇ ಪದ.

ತಮ್ಮ ಜೀವನಚಿತ್ರಕ್ಕೆ ನನ್ನ ಸಲಹೆ ಇದು. ಬರೆಯುತ್ತಿರುವವರು ತಾವು; ತಾವು ಅವರನ್ನು ಬರಿದೇ ಪುಟ್ಟಿ ಎಂದು ಕರೆದವರಲ್ಲ. ಆದ್ದರಿಂದ ತಮ್ಮ ನಿರೂಪಣೆಯಲ್ಲಿ ಬರಿದೇ ಪುಟ್ಟಿ ಬರಬಾರದು. ಒಂದೋ ದೊಡ್ಡಮ್ಮ, ಇಲ್ಲವೇ ಪೂರ್ಣ ಹೆಸರು. ಬಾಲ್ಯದ ಅಧ್ಯಾಯದಲ್ಲಿ ‘ಮನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಪುಟ್ಟಿ’ ಎಂದು ಒಮ್ಮೆ ಪರಿಚಯಿಸಿ, ಅಲ್ಲಿ ಮಾತ್ರ ಒಂಟಿ ಉದ್ಧರಣ ಚಿಹ್ನೆಯನ್ನು ಬಳಸಿ, ಮುಂದೆ ಚಿಹ್ನೆಯನ್ನು ಬಿಟ್ಟುಬಿಡಿ. ಪ್ರತಿ ಸಲವೂ ಚಿಹ್ನೆಯೊಳಗೆ ಇಟ್ಟರೆ ಬರೆಯುವವರು ಆ ಹೆಸರನ್ನು ಚಿಮಟದಲ್ಲಿ ಹಿಡಿದು ತೋರಿಸುತ್ತಿರುವಂತೆ ಕಾಣುತ್ತದೆ. ಹಲವು ಕರಡುಗಳಲ್ಲಿ ನಾನು ಮೊದಲು ಅಳಿಸಿದ್ದು ಈ ಚಿಹ್ನೆಗಳನ್ನೇ.

ಉತ್ತರ – ದಸ್ತಾವೇಜು

ಹಿಂದಿನ ಉತ್ತರದಲ್ಲಿ ಬಾರದ ಒಂದು ಬಗೆಯ ಬರಹದ ಬಗ್ಗೆ ಎರಡು ಮಾತು. ಪತ್ರ ಬರೆದುಕೊಡುವ ಕೆಲಸದಲ್ಲಿ ಬಹಳ ಕಾಲ ಇದ್ದವನು ನಾನು. ಕ್ರಯಪತ್ರ, ವಿಭಾಗಪತ್ರ, ಪ್ರಮಾಣಪತ್ರಗಳಲ್ಲಿ ಮುದ್ದಿನ ಹೆಸರಿಗೆ ಜಾಗವೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಇದೆ. ‘ಯಾನೆ’, ‘ಉರುಫ್’ ಎಂಬ ಎರಡು ಪದಗಳು ಇರುವುದೇ ಅದಕ್ಕಾಗಿ. ಒಂದು ದಾಖಲೆಯಲ್ಲಿ ಪೂರ್ಣ ಹೆಸರು, ಇನ್ನೊಂದು ಹಳೆಯ ದಾಖಲೆಯಲ್ಲಿ ಕರೆಯುವ ಹೆಸರು ಬಿದ್ದುಬಿಟ್ಟಿದ್ದರೆ, ಇಬ್ಬರೂ ಒಬ್ಬರೇ ಎಂದು ತೋರಿಸಲು ‘ಇಂಥವರು ಯಾನೆ ಪುಟ್ಟಮ್ಮ’ ಎಂದು ಬರೆಯುತ್ತೇವೆ. ಅಲ್ಲಿ ಆ ಹೆಸರಿನಲ್ಲಿ ಮುದ್ದಿನ ಲೇಶವೂ ಉಳಿಯುವುದಿಲ್ಲ. ಅದು ಗುರುತಿನ ಸಾಕ್ಷಿ, ಅಷ್ಟೆ. ಒಂದೇ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ತೊಂದರೆಯಾಗುವ ಜಾಗದಲ್ಲಿ ಅಜ್ಜಿ ಕರೆದ ಹೆಸರು ಬಂದು ಕೂರುವುದನ್ನು ಕಂಡಾಗಲೆಲ್ಲ ನನ್ನ ಕೈ ಒಂದು ಗಳಿಗೆ ನಿಂತದ್ದುಂಟು.

‘ಅಲಿಯಾಸ್’ ಎಂಬುದರ ಅರ್ಥವೂ ಅದೇ ಆದರೂ, ಅಪರಾಧದ ವರದಿಗಳಲ್ಲಿ ಸವೆದು ಸವೆದು ಆ ಪದಕ್ಕೆ ಬೇರೊಂದು ವಾಸನೆ ಅಂಟಿಕೊಂಡಿದೆ. ನೆನಪಿನ ಪುಸ್ತಕದಲ್ಲಾಗಲಿ ನಿಧನದ ಪ್ರಕಟಣೆಯಲ್ಲಾಗಲಿ ಅದನ್ನು ಎಂದಿಗೂ ಬಳಸಬಾರದು. ಪ್ರಕಟಣೆಯಲ್ಲಿ ಪೂರ್ಣ ಹೆಸರಿನ ಮುಂದೆ ಆವರಣದಲ್ಲಿ ಕರೆಯುವ ಹೆಸರನ್ನು ಕೊಡುವುದೇ ಸರಿ, ಏಕೆಂದರೆ ಅದನ್ನು ಓದಿ ಗುರುತಿಸಬೇಕಾದ ಅನೇಕರಿಗೆ ತಿಳಿದಿರುವುದು ಆವರಣದೊಳಗಿನ ಹೆಸರು ಮಾತ್ರ.

‘ಅಡ್ಡಹೆಸರು’ ಎಂಬ ಪದವನ್ನು ಶೀರ್ಷಿಕೆಯಲ್ಲಿ ಬಳಸದೆ ಇದ್ದದ್ದು ಒಳ್ಳೆಯದಾಯಿತು. ಕನ್ನಡದ ಒಂದು ಭಾಗದ ಓದುಗರಿಗೆ ಅದು ತಮಾಷೆಗೋ ಪ್ರೀತಿಗೋ ಇಟ್ಟ ಹೆಸರು. ಉತ್ತರದ ಕಡೆಯ ಓದುಗರಿಗೆ ಅದು ಮನೆತನದ ಹೆಸರು, ಅರ್ಜಿಯಲ್ಲಿ ತುಂಬಲೇಬೇಕಾದದ್ದು.

ಕರೆಯುವ ಹೆಸರೇ ಕಾನೂನಿನ ಹೆಸರಾದ ನಿದರ್ಶನಗಳೂ ಇವೆ. ಬ್ರೆಜಿಲಿನ ಲೂಯಿಸ್ ಇನಾಸಿಯೊ ಡ ಸಿಲ್ವ ಅವರು ‘ಲೂಲ’ ಎಂಬ ತಮ್ಮ ಕರೆಯುವ ಹೆಸರನ್ನು 1982ರಲ್ಲಿ ಅಧಿಕೃತ ಹೆಸರಿನೊಳಗೇ ಸೇರಿಸಿಕೊಂಡರು. ಅಮೆರಿಕದ ಜೇಮ್ಸ್ ಅರ್ಲ್ ಕಾರ್ಟರ್ ಅವರು 1977ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಜಿಮ್ಮಿ ಕಾರ್ಟರ್ ಎಂದು. ಅದೇ ಹುದ್ದೆಗೆ ಮುಂದೆ ಬಂದ ಬಿಲ್ ಕ್ಲಿಂಟನ್ ಅವರಾದರೋ ಎಲ್ಲರ ಬಾಯಲ್ಲಿ ಬಿಲ್ ಆಗಿದ್ದರೂ, ಪ್ರಮಾಣವಚನ ಸ್ವೀಕರಿಸಿದ್ದು ವಿಲಿಯಂ ಎಂದೇ. ಹೆಸರು ಹೊತ್ತವರು ಎಲ್ಲಿ ಯಾವುದನ್ನು ಆರಿಸಿಕೊಂಡರು ಎಂಬುದನ್ನು ನೋಡುವುದು ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ.

ಉತ್ತರ – ಹೊಸ್ತಿಲು

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ಮುದ್ದಿನ ಹೆಸರು ಕರೆಯುವವರ ಸೊತ್ತು, ಆದ್ದರಿಂದ ಕರೆದವರು ಹೇಗೆ ಬರೆದರೆ ಹಾಗೆ ಬಿಡಬೇಕು ಎಂಬುದು ಕಾಗದಗಳ ಮಟ್ಟಿಗೆ ಸರಿ. ಆದರೆ ಪುಸ್ತಕವೆಂಬುದು ಅಚ್ಚಾಗಿ, ಆ ಮನೆಯನ್ನೇ ಕಾಣದವರ ಕೈಗೆ ಹೋಗುವ ವಸ್ತು. ಅಲ್ಲಿ ಒಬ್ಬರನ್ನು ಯಾವ ಹೆಸರಿನಿಂದ ನಿಲ್ಲಿಸುತ್ತೇವೆ ಎಂಬುದರಲ್ಲಿ ಹೆಸರು ಹೊತ್ತವರಿಗೂ ಪಾಲಿರಬೇಕು.

ರೋಮಿನ ಚಕ್ರವರ್ತಿ ಗಾಯಸ್‌ನ ಕಥೆಯನ್ನು ಯೋಚಿಸಿ ನೋಡಿ. ಕ್ರಿಸ್ತಶಕ 12ರಲ್ಲಿ ಹುಟ್ಟಿದ ಆತ ಎಳೆಯ ಮಗುವಾಗಿ ತಂದೆಯ ಸೈನ್ಯದ ಬಿಡಾರದಲ್ಲಿ ಬೆಳೆದ. ಸೈನಿಕರಂತೆಯೇ ಉಡುಪು ತೊಡಿಸಿದ್ದನ್ನು ಕಂಡು ಸೈನಿಕರು ಪ್ರೀತಿಯಿಂದ ‘ಕಲಿಗುಲ’ ಎಂದು ಕರೆದರು. ಸೈನಿಕರ ಪಾದರಕ್ಷೆಗೆ ‘ಕಲಿಗ’ ಎಂದು ಹೆಸರು. ಕಲಿಗುಲ ಎಂದರೆ ಪುಟಾಣಿ ಪಾದರಕ್ಷೆ. ಪಟ್ಟಕ್ಕೆ ಬಂದ ಮೇಲೆ ಆತನ ನಾಣ್ಯಗಳ ಮೇಲೆ ಇದ್ದದ್ದು ಗಾಯಸ್ ಸೀಸರ್ ಎಂಬ ಹೆಸರು. ರೋಮಿನ ಲೇಖಕ ಸೆನೆಕ ಬರೆದಿಟ್ಟಿರುವಂತೆ, ಕಲಿಗುಲ ಎಂದು ಕರೆದ ಹಿರಿಯ ಸೈನ್ಯಾಧಿಕಾರಿಯೊಬ್ಬ ಶಿಕ್ಷೆಯಿಂದ ಪಾರಾಗಲಿಲ್ಲ. ಅಷ್ಟು ಬೇಡವಾಗಿದ್ದ ಹೆಸರೇ ಇಂದು ಇತಿಹಾಸದ ಎಲ್ಲ ಪುಸ್ತಕಗಳಲ್ಲಿ ಉಳಿದಿದೆ. ಆತ ಕ್ರೂರಿಯೆಂದು ಹೆಸರಾದವನು, ಆ ಮಾತು ಬೇರೆ. ಒಂದು ಹೆಸರು ಬಿಡಾರದಲ್ಲಿ ಮುದ್ದಾಗಿದ್ದು, ಅರಮನೆಯಲ್ಲಿ ಅವಮಾನವಾಗಿ, ಇತಿಹಾಸಗ್ರಂಥದಲ್ಲಿ ಬರಿಯ ಗುರುತಾಗಿ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಯುರೋಪಿನ ಸಂಗೀತರಚನೆಕಾರ ಮೊಜಾರ್ಟನ ಅಕ್ಕನ ಹೆಸರು ಮರಿಯಾ ಅನ್ನ. 1751ರಲ್ಲಿ ಹುಟ್ಟಿ 1829ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡವರು; ಬಾಲ್ಯದಲ್ಲಿ ತಮ್ಮನೊಡನೆ ಯುರೋಪಿನ ಸಭೆಗಳಲ್ಲಿ ವಾದ್ಯ ನುಡಿಸಿ ಮೆಚ್ಚುಗೆ ಪಡೆದವರು. ಮನೆಯ ಕಾಗದಗಳಲ್ಲಿ ಅವರು ‘ನಾನರ್ಲ್’. ಕೊನೆಯ ‘ಅರ್ಲ್’ ಎಂಬುದು ಅವರ ಕಡೆಯ ಆಡುನುಡಿಯಲ್ಲಿ ಪ್ರೀತಿಯ ಪ್ರತ್ಯಯ, ನಮ್ಮ ‘ಪುಟ್ಟ’ ಇದ್ದ ಹಾಗೆ. ಮೊಜಾರ್ಟನೂ ಅದೇ ಮನೆಯ ಕಾಗದಗಳಲ್ಲಿ ಮುದ್ದಿನ ಹೆಸರಿನಿಂದಲೇ ಬರುತ್ತಾನೆ. ಆದರೆ ಜೀವನಚರಿತ್ರೆಗಳಲ್ಲಿ ತಮ್ಮ ಮೊಜಾರ್ಟ್ ಆಗುತ್ತಾನೆ, ಅಕ್ಕ ಮುಪ್ಪಿನವರೆಗೂ ನಾನರ್ಲ್ ಆಗಿಯೇ ಉಳಿಯುತ್ತಾಳೆ. ತಮ್ಮನಿಗೆ ವಂಶನಾಮ, ಅಕ್ಕನಿಗೆ ತೊಟ್ಟಿಲ ಹೆಸರು. ಇಬ್ಬರನ್ನೂ ಗುರುತಿಸಲು ಬೇರೆಬೇರೆ ಹೆಸರು ಬೇಕಾಗುತ್ತದೆ ಎಂಬ ಕಾರಣವನ್ನು ನಾನು ಬಲ್ಲೆ. ಆದರೂ ಪ್ರತಿ ಸಲವೂ ಚಿಕ್ಕ ಹೆಸರು ಹೆಣ್ಣಿನ ಪಾಲಿಗೇ ಬರುವುದು ಕಾಕತಾಳೀಯವಲ್ಲ. ನಮ್ಮಲ್ಲಿ ಹಿರಿಯ ಲೇಖಕರ ಬಗ್ಗೆ ಬಂದಿರುವ ನೆನಪಿನ ಬರಹಗಳನ್ನು ಈ ಕಣ್ಣಿನಿಂದ ಓದಿದರೆ, ಗಂಡನು ಮೊದಲಕ್ಷರಗಳ ಸಹಿತ ಪೂರ್ಣ ಹೆಸರಿನಿಂದಲೂ ಹೆಂಡತಿ ಕರೆಯುವ ಹೆಸರಿನಿಂದಲೂ ನಡೆದಾಡುವುದು ಕಾಣಸಿಗುತ್ತದೆ.

ಹಾಗಾಗಿ ಖರ್ಚು ವಹಿಸಿಕೊಂಡ ಹಿರಿಯರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಮ್ಮ ದೊಡ್ಡಮ್ಮ ಮೂವತ್ತು ವರ್ಷ ಪಾಠ ಹೇಳಿದವರು, ನಾಟಕಗಳನ್ನು ಬರೆದವರು. ಆ ಕೆಲಸದ ಬಗ್ಗೆ ಬರೆಯುವ ಪುಟಗಳಲ್ಲಿ, ನಾಟಕಗಳ ಕೃತಿಕಾರರ ಹೆಸರಿನ ಜಾಗದಲ್ಲಿ, ಇಸವಿವಾರು ಪಟ್ಟಿಯಲ್ಲಿ ಪೂರ್ಣ ಹೆಸರಿಲ್ಲದೆ ಬೇರೇನೂ ಇರಬಾರದು. ಪ್ರೀತಿಯ ಹೆಸರಿನಲ್ಲಿ ಅವರ ದುಡಿಮೆ ಮನೆಯ ಆಟದಂತೆ ಕಾಣುವುದು ಬೇಡ. ಅದಕ್ಕೂ ಮೊದಲು ತಾವು ಒಂದು ಕೆಲಸ ಮಾಡಿ: ಅವರು ಸ್ವತಃ ಎಲ್ಲೆಲ್ಲಿ ಹೇಗೆ ರುಜು ಹಾಕಿದ್ದಾರೆ ಎಂಬುದನ್ನು ಹುಡುಕಿ ನೋಡಿ. ಪುಟ್ಟಿ ಎಂದು ಇತರರು ಕರೆದದ್ದು ಗೊತ್ತಾಯಿತು. ಅವರು ತಮ್ಮನ್ನು ತಾವು ಪುಟ್ಟಿ ಎಂದು ಬರೆದುಕೊಂಡಿದ್ದರೇ?

ಉತ್ತರ – ಕರಡು ತಿದ್ದುವವರು

ಹೊಸ್ತಿಲು ಅವರ ಮಾತನ್ನು ಒಪ್ಪುತ್ತೇನೆ. ನಿರೂಪಕರ ಹಕ್ಕಿನ ಬಗ್ಗೆ ಮಾತ್ರ ಯೋಚಿಸಿದ್ದ ನಾನು ಹೆಸರು ಹೊತ್ತವರ ಇಚ್ಛೆಯ ಬಗ್ಗೆ ಯೋಚಿಸಿರಲಿಲ್ಲ. ಒಂದು ಸಣ್ಣ ಸೇರ್ಪಡೆಗೆ ಅವಕಾಶವಿರಲಿ: ಪ್ರೀತಿಯ ಕರೆ ಯಾವಾಗಲೂ ಚಿಕ್ಕದು ಮಾಡುವುದಿಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರ ಹೆಸರಿನಲ್ಲಿಯೇ ಅಣ್ಣನಿದ್ದಾನೆ, ಮಹಾದೇವಿಯಕ್ಕನ ಹೆಸರಿನಲ್ಲಿ ಅಕ್ಕನಿದ್ದಾಳೆ. ಬಸವೇಶ್ವರ ಎಂಬ ಗಂಭೀರ ರೂಪ ಇದ್ದರೂ, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಬಳಸಿದ್ದು ಬಸವಣ್ಣ ಎಂಬುದನ್ನೇ. ವಚನದಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಸರ್ಕಾರದ ಘೋಷಣೆಗೆ ಹೋದರೂ ಆ ಅಣ್ಣ ಎಲ್ಲಿಯೂ ಕಳಚಲಿಲ್ಲ. ಅಕ್ಕ, ಅಣ್ಣ ಎಂಬವು ಮೇಲಕ್ಕೆ ನೋಡಿ ಕರೆಯುವ ಪದಗಳು. ಪುಟ್ಟಿ, ಚಿನ್ನು ಎಂಬವು ಬಗ್ಗಿ ನೋಡಿ ಕರೆಯುವ ಪದಗಳು. ಅಚ್ಚಿಗೆ ಹೋದಾಗ ಮೊದಲಿನವು ಗಟ್ಟಿಯಾಗುತ್ತವೆ, ಎರಡನೆಯವಕ್ಕೆ ಕಾವಲು ಬೇಕಾಗುತ್ತದೆ. ಪುಟ್ಟಕ್ಕ ಎಂಬ ರೂಪದಲ್ಲಿ ಎರಡೂ ಇರುವುದರಿಂದ, ತಮ್ಮ ಪುಸ್ತಕದ ಮಧ್ಯಭಾಗಕ್ಕೆ ಅದು ಬಹಳ ಒದಗಿಬರಬಹುದು.

ಉತ್ತರ – ಪತ್ರಸಂಗ್ರಹ

ಕಾಗದಗಳ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಾಗದಗಳನ್ನು ಅಚ್ಚು ಮಾಡುವಾಗ ಮುದ್ದಿನ ಹೆಸರನ್ನು ಪೂರ್ಣ ಹೆಸರಿಗೆ ಬದಲಾಯಿಸುವುದು ಅಕ್ಷಮ್ಯ. ಅದು ಸಂಪಾದನೆಯಲ್ಲ, ಮೂಲವನ್ನೇ ಕೆಡಿಸಿದಂತೆ. ‘ಪುಟ್ಟಿಗೆ’ ಎಂದಿದ್ದರೆ ಪುಟ್ಟಿಗೆ, ‘ಪುಟ್ಟೀ’ ಎಂದು ದೀರ್ಘವಿದ್ದರೆ ದೀರ್ಘ. ಆ ದೀರ್ಘ ಕಾಗುಣಿತದ ತಪ್ಪಲ್ಲ. ಬರೆಯುತ್ತ ಬರೆಯುತ್ತ ಅಣ್ಣ ಕೂಗಿ ಕರೆದದ್ದು ಅಲ್ಲಿ ಕಿವಿಗೆ ಬೀಳುತ್ತದೆ. ಕಾಗದದ ನಡುವೆ ಎಲ್ಲಿಯಾದರೂ ಅಣ್ಣ ಪುಟ್ಟಿಯನ್ನು ಬಿಟ್ಟು ಪೂರ್ಣ ಹೆಸರಿನಿಂದ ಕರೆದಿದ್ದರೆ, ಅದನ್ನು ಎರಡು ಸಲ ಓದಿ ನೋಡಿ. ಕೋಪವೋ, ಬುದ್ಧಿವಾದವೋ, ಬಹಳ ದೊಡ್ಡ ಸುದ್ದಿಯೋ ಅಲ್ಲಿ ಇದ್ದೇ ಇರುತ್ತದೆ. ಹೆಸರನ್ನು ಏಕರೂಪಗೊಳಿಸಿದರೆ ಓದುಗರಿಗೆ ಈ ತಿರುವೇ ಕಾಣದೆ ಹೋಗುತ್ತದೆ.

ಖಾಸಗಿ ಕಾಗದಕ್ಕೂ ಅಚ್ಚಿಗೆಂದೇ ಬರೆದ ಕಾಗದಕ್ಕೂ ಇರುವ ವ್ಯತ್ಯಾಸ ಒಂದೇ ಕೈಯಲ್ಲಿ ಕಾಣಸಿಗುವುದುಂಟು. ಜವಾಹರಲಾಲ್ ನೆಹರೂ ಅವರು 1930ರ ಅಕ್ಟೋಬರ್ 26ರಂದು ನೈನಿ ಸೆರೆಮನೆಯಿಂದ ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಬರೆದ, ಮುಂದೆ ಪುಸ್ತಕದಲ್ಲಿ ಸೇರಿದ ಕಾಗದದ ತಲೆಯಲ್ಲಿ ಇರುವುದು ‘ಇಂದಿರಾ ಪ್ರಿಯದರ್ಶಿನಿ’ ಎಂಬ ಪೂರ್ಣ ಹೆಸರು. ಮನೆಯ ಕಾಗದಗಳಲ್ಲಿ ಅವಳೇ ‘ಇಂದು’. ಗಾಂಧೀಜಿಯವರಂತೂ ಆಶ್ರಮದ ಮಕ್ಕಳಿಗೂ ಆಪ್ತರಿಗೂ ಬರೆದ ಕಾಗದಗಳ ಕೊನೆಯಲ್ಲಿ ‘ಬಾಪು’ ಎಂದು ಆಶೀರ್ವಾದ ತಿಳಿಸುತ್ತಿದ್ದರು. ಅದೇ 1930ರ ಮಾರ್ಚಿನಲ್ಲಿ ವೈಸರಾಯ್ ಇರ್ವಿನ್‌ಗೆ ಬರೆದ ಕಾಗದದಲ್ಲಿ ಅವರು ಎಂ. ಕೆ. ಗಾಂಧಿ. ಇತರರು ಕರೆದ ಹೆಸರನ್ನು ತಾವೇ ರುಜುವಾಗಿ ಒಪ್ಪಿಕೊಂಡದ್ದು ಹೊಸ್ತಿಲು ಅವರ ಪ್ರಶ್ನೆಗೆ ಒಂದು ಬಗೆಯ ಉತ್ತರ.

ತಾಂತ್ರಿಕವಾದ ಒಂದೆರಡು ಮಾತು. ಕಾಗದಗಳ ವಿಭಾಗದ ಮೊದಲಲ್ಲಿ ಹೆಸರುಗಳ ಪರಿಚಯ ಕೊಡಿ: ಕಿಟ್ಟು ಎಂದರೆ ಯಾರು, ನಾಣಿ ಎಂದರೆ ಯಾರು, ಅವರು ದೊಡ್ಡಮ್ಮನಿಗೆ ಏನಾಗಬೇಕು ಎಂಬಷ್ಟು. ಅಡಿಟಿಪ್ಪಣಿಗಳನ್ನು ಪುಟಪುಟಕ್ಕೂ ಹಾಕಿದರೆ ಕಾಗದದ ಉಸಿರು ಕಟ್ಟುತ್ತದೆ. ಪದಸೂಚಿಯಲ್ಲಿ ಪೂರ್ಣ ಹೆಸರಿನಡಿ ಪುಟಸಂಖ್ಯೆಗಳನ್ನು ಕೊಟ್ಟು, ಪುಟ್ಟಿ, ಪುಟ್ಟಕ್ಕ ಎಂಬ ಎರಡು ಕಡೆಯಿಂದಲೂ ‘ನೋಡಿ’ ಎಂದು ಅಲ್ಲಿಗೆ ಕಳುಹಿಸಿ.

ನಾಟಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕಥೆ, ನಾಟಕಗಳಲ್ಲಿ ಮುದ್ದಿನ ಹೆಸರಿನ ಕೆಲಸವೇ ಬೇರೆ, ಏಕೆಂದರೆ ಅಲ್ಲಿ ಅನೇಕ ವೇಳೆ ಪಾತ್ರಕ್ಕೆ ಇರುವುದು ಅದೊಂದೇ ಹೆಸರು. ಕೃಷ್ಣ ಕಿಟ್ಟನಾಗಿ, ಶ್ರೀನಿವಾಸ ಸೀನನಾಗಿ, ಲಕ್ಷ್ಮಿ ಲಚ್ಚಿಯಾಗಿ, ಪದ್ಮ ಪದ್ದಿಯಾಗಿ, ಸುಬ್ರಹ್ಮಣ್ಯ ಸುಬ್ಬುವಾಗಿ ಬರುವಾಗ ಸಂಸ್ಕೃತದ ಒತ್ತಕ್ಷರಗಳು ಕರಗಿ, ಅನೇಕ ಕಡೆ ಅದೇ ವ್ಯಂಜನ ಇಮ್ಮಡಿಸಿ, ಹೆಸರು ಅಚ್ಚಗನ್ನಡದ ಬಾಯಿಗೆ ಹೊಂದಿಕೊಳ್ಳುವ ಚೆಂದ ನನಗೆ ಎಂದೂ ಸಾಕೆನಿಸಿಲ್ಲ. ಕೊನೆಯ ಸ್ವರದಿಂದಲೂ ಅರ್ಥ ಬದಲಾಗುತ್ತದೆ. ‘ಸೀನ’ ಎಂದರೆ ಜೊತೆಗಾರ ಕರೆದಂತೆ, ಕೆಲವೊಮ್ಮೆ ಅಧಿಕಾರದಿಂದ ಕರೆದಂತೆ. ‘ಸೀನು’ ಎಂದರೆ ಅಕ್ಕರೆ. ‘ಸೀನಣ್ಣ’, ‘ಸೀನಪ್ಪ’ ಎಂದರೆ ವಯಸ್ಸೂ ಮರ್ಯಾದೆಯೂ ಸೇರಿಕೊಂಡಂತೆ. ಒಳ್ಳೆಯ ನಾಟಕಕಾರರು ಒಬ್ಬನೇ ಪಾತ್ರವನ್ನು ಮೂವರು ಮೂರು ರೀತಿ ಕರೆಯುವಂತೆ ಮಾಡಿ, ಒಂದು ವಿವರಣೆಯೂ ಇಲ್ಲದೆ ಮೂರು ಸಂಬಂಧಗಳನ್ನು ತೋರಿಸಿಬಿಡುತ್ತಾರೆ. ಆದ್ದರಿಂದ ಸಂಭಾಷಣೆಯಲ್ಲಿನ ಹೆಸರುಗಳನ್ನು ಮುಟ್ಟಬೇಡಿ; ಎಡಗಡೆ ಬರುವ ಪಾತ್ರದ ಹೆಸರು ಮಾತ್ರ ಆದಿಯಿಂದ ಕೊನೆಯವರೆಗೆ ಒಂದೇ ಇರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಆಡುವ ಮಕ್ಕಳಿಗೆ ಗೊಂದಲವಾಗುತ್ತದೆ.

ಓಲೆಗರಿ

ಎಲ್ಲರಿಗೂ ಮನಃಪೂರ್ವಕವಾದ ವಂದನೆಗಳು. ಹೊಸ್ತಿಲು ಅವರು ಹೇಳಿದಂತೆ ಎರಡು ದಿನ ಕುಳಿತು ರುಜುಗಳನ್ನೇ ಹುಡುಕಿದೆ. ಕಂಡದ್ದನ್ನು ಹೇಳುತ್ತೇನೆ.

ಶಾಲೆಯ ಕಾಗದಪತ್ರಗಳಲ್ಲಿ, ನಾಟಕದ ವಿಚಾರವಾಗಿ ಪತ್ರಿಕೆಗೆ ಬರೆದ ಕಾಗದಗಳ ನಕಲುಗಳಲ್ಲಿ, ಹಳೆಯ ವಿದ್ಯಾರ್ಥಿಗಳಿಗೆ ಬರೆದ ಉತ್ತರಗಳಲ್ಲಿ ಪೂರ್ಣ ಹೆಸರು. ಅಣ್ಣನಿಗೆ ಬರೆದ ಎಲ್ಲ ಕಾಗದಗಳ ಕೊನೆಯಲ್ಲಿ ‘ನಿನ್ನ ಪುಟ್ಟಿ’. ಅರವತ್ತು ದಾಟಿದ ಮೇಲೆ ಬರೆದವುಗಳಲ್ಲೂ ಹಾಗೆಯೇ. ಆ ಅಣ್ಣ ತೀರಿಕೊಂಡ ಮೇಲಿನ ಕಾಗದಗಳಲ್ಲಿ ಒಂದರಲ್ಲಿಯೂ ‘ಪುಟ್ಟಿ’ ಎಂಬ ರುಜು ಇಲ್ಲ. ತಮ್ಮ ತಂಗಿಯರಿಗೆ ‘ಅಕ್ಕ’ ಎಂದೂ ನಮಗೆ ‘ದೊಡ್ಡಮ್ಮ’ ಎಂದೂ ಬರೆದಿದ್ದಾರೆ. ಅವರನ್ನು ಬರಿದೇ ಪುಟ್ಟಿ ಎಂದು ಕರೆಯಬಲ್ಲ ಕಡೆಯ ವ್ಯಕ್ತಿ ಆ ಅಣ್ಣನೇ ಆಗಿದ್ದರೇನೋ ಎಂದು ಆ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಅನ್ನಿಸಿತು. ಬಹಳ ಹೊತ್ತು ಮುಂದಿನ ಕೆಲಸಕ್ಕೆ ಕೈ ಹೋಗಲಿಲ್ಲ.

ಈಗ ತೀರ್ಮಾನ ಹೀಗಾಗಿದೆ. ಕಾಗದಗಳು ಇದ್ದದ್ದು ಇದ್ದ ಹಾಗೆ, ದೀರ್ಘಗಳ ಸಮೇತ. ನೆನಪಿನ ಲೇಖನಗಳಲ್ಲಿ ಬರೆದವರ ಹೆಸರು, ಬರೆದವರ ವಚನ. ನನ್ನ ಜೀವನಚಿತ್ರದಲ್ಲಿ ಬಾಲ್ಯದ ಭಾಗದಲ್ಲಿ ಮಾತ್ರ ಇತರರ ಬಾಯಿಂದ ಪುಟ್ಟಿ. ಶಾಲೆಯ ಮತ್ತು ನಾಟಕಗಳ ಭಾಗದಲ್ಲಿ ಪೂರ್ಣ ಹೆಸರು. ನಾನು ಕಂಡ ವರ್ಷಗಳಿಗೆ ಬಂದ ಮೇಲೆ ದೊಡ್ಡಮ್ಮ, ಬಹುವಚನದೊಂದಿಗೆ. ಖರ್ಚು ವಹಿಸಿಕೊಂಡ ಹಿರಿಯರಿಗೆ ಇದನ್ನು ಓದಿ ಹೇಳಿದೆ. ನಾಟಕಗಳ ಮೇಲೆ ಪೂರ್ಣ ಹೆಸರು ಇರುತ್ತದೆ ಎಂದು ಖಚಿತವಾದ ಮೇಲೆ ಉಳಿದದ್ದಕ್ಕೆ ಒಪ್ಪಿದರು. ನನ್ನ ತಾಯಿ ತಮ್ಮ ಲೇಖನದಲ್ಲಿ ‘ಪುಟ್ಟಕ್ಕ ಹೋಗಿಬಿಟ್ಟಳು’ ಎಂದು ಬರೆದಿದ್ದಾರೆ. ಅದೂ ಹಾಗೆಯೇ ಇರುತ್ತದೆ.

ಹುಡುಕುವಾಗ ಸಿಕ್ಕ ಇನ್ನೊಂದು ಹಾಳೆಯನ್ನು ಪುಸ್ತಕದಲ್ಲಿ ಚಿತ್ರವಾಗಿಯೇ ಹಾಕುತ್ತಿದ್ದೇವೆ. ಮೊದಲ ನಾಟಕದ ಹಸ್ತಪ್ರತಿಯ ಹೊರಹಾಳೆ ಅದು. ಮಧ್ಯದಲ್ಲಿ ಪೆನ್ಸಿಲಿನಿಂದ ‘ಪುಟ್ಟಕ್ಕ ಬರೆದದ್ದು’ ಎಂದಿದೆ. ಅದರ ಮೇಲೆ ಒಂದೇ ಒಂದು ತೆಳುವಾದ ಗೆರೆ ಎಳೆದು, ಕೆಳಗೆ ಶಾಯಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ತಮ್ಮ ಪೂರ್ಣ ಹೆಸರನ್ನು ಬರೆದಿದ್ದಾರೆ. ಗೆರೆಯ ಕೆಳಗಿನ ಪೆನ್ಸಿಲಿನ ಅಕ್ಷರಗಳು ಈಗಲೂ ಚೆನ್ನಾಗಿ ಓದಬರುತ್ತವೆ.